ಫೆಬ್ರವರಿ ಇಪ್ಪತ್ತೊಂಬತ್ತರ ಪಟ್ಟಿ

ಆ ಸೊನ್ನೆಯನ್ನು ಒತ್ತಿದವಳು ನಾನೇ.
ಅಕ್ಟೋಬರಿನ ಎರಡನೆಯ ಸೋಮವಾರ.
ಹೊರಗೆ ಗೋರ್ಟ್ ಪೇಟೆಯ ಚೌಕದಲ್ಲಿ
ಯಾರದೋ ಟ್ರ್ಯಾಕ್ಟರ್ ಕೆಮ್ಮುತ್ತಿತ್ತು.
ಜುಸಿಲೆನೆ ನನ್ನ ಮೇಜಿಗೆ ಹೊಟ್ಟೆ ತಾಗದಂತೆ
ಓರೆಯಾಗಿ ನಿಂತು ರಜೆಯ ಕಾಗದ ಕೊಟ್ಟಳು.
ಕಾಗದ ಬೆಚ್ಚಗಿತ್ತು.
ಇಸ್ತ್ರಿ ಕೋಣೆಯಿಂದ ಬರುವುದೆಲ್ಲ ಹಾಗೇ.

ಇಪ್ಪತ್ತಾರು ವಾರ ಸರ್ಕಾರ ಕೊಡುತ್ತದೆ,
ನೀನು ಮಗು ನೋಡಿಕೋ, ಅಂದೆ.
ನಮ್ಮ ಲಾಂಡ್ರಿ ಕೊಡುವುದು ಏನೂ ಇಲ್ಲ, ಹಾಗಾಗಿ
ಅವಳ ಹೆಸರಿನ ಮುಂದೆ ಸೊನ್ನೆ.
ಏನೂ ಅನ್ನಿಸಲಿಲ್ಲ. ಸೊನ್ನೆಗೆಷ್ಟು ತೂಕ?

ಕ್ರಿಸ್ಮಸ್ಸಿಗೆ ಮುಂಚೆ ಮಗುವನ್ನು ತಂದಿದ್ದಳು.
ಹೋಟೆಲಿನ ಬಟ್ಟೆ ತೂಗುವ ತಕ್ಕಡಿಯ ಮೇಲೆ
ಟವೆಲು ಹಾಸಿ ಮಲಗಿಸಿದೆವು.
ನಾಲ್ಕು ಕಿಲೋ ಎಂಟು ನೂರು.
"ಆರು ಮೇಜುಬಟ್ಟೆ, ಒಂದು ದಿಂಬಿನ ಚೀಲ"
ಅಂದ ಫಿನ್ಬಾರ್. ಎಲ್ಲರೂ ನಕ್ಕೆವು.
ದಾವಿ ನಗಲಿಲ್ಲ. ತಕ್ಕಡಿ ತಣ್ಣಗಿತ್ತು.

ಮಾರ್ಚಿನಲ್ಲಿ ಹೋಟೆಲುಗಳು ಬಾಗಿಲು ಹಾಕಿದವು.
ಹಾಸಿಗೆಯಲ್ಲಿ ಮಲಗುವವರಿಲ್ಲ, ಒಗೆಯಲು ಹಚ್ಚಡವಿಲ್ಲ.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ನನ್ನ ಕಿವಿಗೆ ನನ್ನದೇ ಗಡಿಯಾರ ಕೇಳಿಸಿತು.
ಆಮೇಲೆ ಆದೇಶ ಬಂತು:
ಫೆಬ್ರವರಿ ಇಪ್ಪತ್ತೊಂಬತ್ತರಂದು
ಸಂಬಳದ ಪಟ್ಟಿಯಲ್ಲಿದ್ದವರಿಗೆಲ್ಲ ನೆರವು.
ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ,
ಅದನ್ನೇ ಹೊಸ್ತಿಲು ಮಾಡಿ ನೆಟ್ಟಿದ್ದರು.

ಫಿನ್ಬಾರ್ ಇದ್ದ. ಆ ತಿಂಗಳು ಅವನು ಬಂದದ್ದೇ ಆರು ದಿನ,
ಅದರಲ್ಲೊಂದು ದಿನ ಉರುಳೆಯಂತ್ರ ಕೆಡಿಸಿ
ಹಿತ್ತಲಲ್ಲಿ ಸಿಗರೇಟು ಸೇದಿದ್ದ.
ಪಟ್ಟಿ ಅವನನ್ನು ಪ್ರೀತಿಯಿಂದ ಒಳಗೆ ಕರೆಯಿತು.
ಹದಿನೈದು ವರ್ಷ ಒಂದು ಕಾಲರೂ ಸುಡದವಳು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಈಸ್ಟರ್ ಭಾನುವಾರ ಅವಳ ಇಪ್ಪತ್ತಾರು ವಾರ ಮುಗಿದವು.
ಮಂಗಳವಾರ ನಾನು ಸಹಾಯವಾಣಿಗೆ ಫೋನು ಹಚ್ಚಿದೆ.
ಐವತ್ತು ನಿಮಿಷ ಪಿಟೀಲು,
ಆಮೇಲೆ ಒಬ್ಬ ಹುಡುಗ, ಹಿಂದೆ ಅವನ ಮನೆಯ ನಾಯಿ.
"ಫೆಬ್ರವರಿಯಲ್ಲಿ ಅವರು ಕೆಲಸದಲ್ಲಿದ್ದರಾ?"
ಇದ್ದಳಪ್ಪ. ಎರಡು ಗಂಟೆಗೊಮ್ಮೆ ಎದ್ದು.
"ಅಂದರೆ, ಸಂಬಳಕ್ಕೆ?"
ನಾಯಿ ಬೊಗಳಿತು. ಅವನು ಕ್ಷಮೆ ಕೇಳಿದ,
ನಾಯಿಗೋ, ನಿಯಮಕ್ಕೋ, ತಿಳಿಯಲಿಲ್ಲ.

ಮದುವೆಯಾದಳೆಂದು ನನ್ನವ್ವನನ್ನು
ಅಂಚೆ ಕಚೇರಿಯಿಂದ ಬಿಡಿಸಿದ್ದರು.
ಒಂದು ಕೇಕು, ಒಂದು ಕೈಕುಲುಕು, ಮೊಹರು ವಾಪಸ್ಸು.
ಸಾಯುವವರೆಗೂ ಅವಳು ಬೇರೆಯವರ ಲಕೋಟೆಗಳನ್ನು
ಕೈಯಲ್ಲೆತ್ತಿ ತೂಕ ಹೇಳುತ್ತಿದ್ದಳು, ಸರಿಯಾಗಿ.
ಈಗ ಕೇಕು ಕೂಡ ಇಲ್ಲ.

ಜುಸಿಲೆನೆಗೆ ಹೇಳಬೇಕಾದವಳೂ ನಾನೇ.
ಅವಳು ಅಳಲಿಲ್ಲ. ಬೈಯಲೂ ಇಲ್ಲ.
"ಅಟ್ರ್ಯಾಕ್ಟಾ, ನಾನು ಹೆತ್ತ ತಿಂಗಳು ತಪ್ಪಾಯಿತೇ?"
ಅಷ್ಟು ಕೇಳಿ, ಉತ್ತರಕ್ಕೆ ನಿಜವಾಗಿಯೂ ಕಾದಳು.
ಫೋನಿನಲ್ಲಿ ದಾವಿಯ ಉಸಿರು, ಹಸಿದ ಗೊರಗೊರ.
ಗಂಡನ ಮಾಂಸದ ಕಾರ್ಖಾನೆಯಲ್ಲಿ ಜ್ವರ ಹರಡಿತ್ತು,
ಅವನನ್ನು ಕೋಣೆಗೆ ಸೇರಿಸಿ
ಊಟವನ್ನು ಬಾಗಿಲ ಬುಡದಲ್ಲಿಡುತ್ತಿದ್ದಳು.
ನಾನು ಹವೆಯ ಬಗ್ಗೆ ಏನೋ ಅಂದೆ.

ನಿಯಮವನ್ನು ಆಮೇಲೆ ತಿದ್ದಿದರು, ಅನ್ನಬೇಕು.
ಯಾರ್‍ಯಾರೋ ಎಲ್ಲೆಲ್ಲೋ ಕೂಗಿದ್ದಕ್ಕೆ.
ಹೊಸ ಸುತ್ತೋಲೆ, ಹೊಸ ಕಲಮು,
ಸೊನ್ನೆಯ ಜಾಗದಲ್ಲಿ ಅಂಕಿ ಕೂರಿಸಿದೆ.
ಅಷ್ಟರಲ್ಲಿ ಅವಳು ಮಗುವಿನ ತಳ್ಳುಗಾಡಿ ಮಾರಿದ್ದಳು.

ಜೂನಿನಲ್ಲಿ ಬಂದಳು, ಮುಖಕ್ಕೆ ಬಟ್ಟೆ ಕಟ್ಟಿ,
ಮಗನನ್ನು ನಮ್ಮದೇ ಹಳೆಯ ಹಚ್ಚಡದ ಜೋಳಿಗೆಯಲ್ಲಿ ಹೊತ್ತು.
ಅಂತರ ಕಾಯಬೇಕಿತ್ತು.
ತಾನೇ ತಕ್ಕಡಿಯ ಮೇಲೆ ಕೂರಿಸಿ ಹಿಂದೆ ಸರಿದಳು,
ಬೀಳದ ಹಾಗೆ ಕೈ ಮಾತ್ರ ಮುಂದೆ.
ಮುಳ್ಳು ನಿಲ್ಲಲು ಹೊತ್ತು ಹಿಡಿಯಿತು, ಅವನು ಕುಣಿಯುತ್ತಿದ್ದ.
ಎಂಟು ಕಿಲೋ ಇನ್ನೂರು, ಅಂದೆ.
"ಬರೆದುಕೋ" ಅಂದಳು.

ಕೈಗೆ ಸಿಕ್ಕಿದ ಹಾಳೆ
ಆ ಫೆಬ್ರವರಿಯದೇ.
ಅವಳ ಸಾಲಿನ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದೆ.